ಕಿರಿಯವನ ಗಂಟಲು, ಹಿರಿಯವಳ ಕಥೆ

ಐದು ವರ್ಷದವಳಿಗೂ ಒಂದೂವರೆ ವರ್ಷದವನಿಗೂ ಸೇರಿಸಿ ಒಂದೇ ಬೊಂಬೆ ಸೆಟ್ಟು ತರಬೇಕು ಅಂತ ಹೊರಟಿದ್ದೀಯಲ್ಲ, ಒಳ್ಳೆಯದೇ ಕಣೇ. ಎರಡು ಬೇರೆ ಬೇರೆ ತಂದರೆ ಜಗಳ ತಪ್ಪುತ್ತದೆ ಅಂತ ಯಾರೋ ಹೇಳಿದರಂತೆ. ಅದನ್ನು ನಂಬಬೇಡ. ಅವನದು ಅವಳಿಗೆ ಬೇಕು, ಅವಳದು ಅವನಿಗೆ ಬೇಕು, ಅಷ್ಟೇ ಆಗುವುದು. ಆದರೆ ಅಂಗಡಿಗೆ ಹೋಗುವ ಮುಂಚೆ ಈ ದೊಡ್ಡಮ್ಮನ ನಾಲ್ಕು ಮಾತು ಕೇಳಿಸಿಕೋ.

ಪೆಟ್ಟಿಗೆಯ ಮೇಲೆ ಒಂದು ಪುಟ್ಟ ಮುಖ ಬರೆದು, ಪಕ್ಕದಲ್ಲಿ 0-3 ಅಂತ ಹಾಕಿ, ಅಡ್ಡಗೆರೆ ಎಳೆದಿರುತ್ತಾರೆ. ಮೂರು ವರ್ಷದೊಳಗಿನವರಿಗೆ ಬೇಡ ಅಂತ ಅದರ ಅರ್ಥ. ಹೆತ್ತವರು ಎಡವುವುದು ಇಲ್ಲೇ. ‘ನಮ್ಮವನು ತುಂಬ ಚುರುಕು, ಮೂರು ವರ್ಷದವರ ಆಟವನ್ನು ಈಗಲೇ ಆಡ್ತಾನೆ’ ಅಂತ ಹೆಮ್ಮೆಯಿಂದ ತಂದುಬಿಡುತ್ತಾರೆ. ಅದು ಬುದ್ಧಿಯ ಅಳತೆ ಅಲ್ಲ, ಗಂಟಲಿನ ಅಳತೆ. ಚುರುಕಾದ ಮಗು ಅಂತ ಗಂಟಲೇನೂ ಅಗಲವಾಗಿರುವುದಿಲ್ಲ.

ಆಟಿಕೆ ಪರೀಕ್ಷೆ ಮಾಡುವ ಕಡೆ ಒಂದು ಕೊಳವೆ ಇಟ್ಟಿರುತ್ತಾರೆ. ಬಾಯಿ ಸುಮಾರು 32 ಮಿಲಿಮೀಟರ್ ಅಗಲ, ತಳ ಓರೆಯಾಗಿರುತ್ತದೆ. ಬೊಂಬೆಯಾಗಲಿ ಅದರ ಬಿಡಿಭಾಗವಾಗಲಿ, ಹೇಗೆ ಹಾಕಿದರೂ ಸರಿ, ಪೂರ್ತಿ ಅದರೊಳಗೆ ಮುಳುಗಿತು ಅಂದರೆ ಪುಟ್ಟ ಮಕ್ಕಳಿಗೆ ಕೊಡುವ ಹಾಗಿಲ್ಲ. ಹಳೇ ಫೋಟೋ ರೀಲಿನ ಕರಿ ಡಬ್ಬಿ ನೆನಪಿದೆಯಾ? ಹೆಚ್ಚುಕಮ್ಮಿ ಅದೇ ಅಗಲ. ನಿಮ್ಮಪ್ಪನ ಕಪಾಟಿನಲ್ಲಿ ಹುಡುಕು, ಗ್ಯಾರಂಟಿ ಒಂದಾದರೂ ಸಿಗುತ್ತದೆ. ಅದರೊಳಗೆ ಹೋಗುವುದೆಲ್ಲ ಸದ್ಯಕ್ಕೆ ಅವನ ಕೈಗೆ ಬೇಡ. ಗುಂಡಗಿನದಾದರೆ ಅಷ್ಟೂ ಸಾಲದು, ನಾಲ್ಕೂವರೆ ಸೆಂಟಿಮೀಟರಿಗಿಂತ ಸಣ್ಣ ಚೆಂಡು ಈ ವಯಸ್ಸಿಗೆ ಅಪಾಯವೇ. ಬೊಂಬೆ ದಪ್ಪಗಿದೆ ಅಂತ ಸಮಾಧಾನ ಪಡಬೇಡ. ಟೋಪಿ, ಕೂದಲು, ಕೈಯಲ್ಲಿರುವ ಬುಟ್ಟಿ, ನಾಯಿಮರಿಯ ತಟ್ಟೆ, ಗಾಡಿಯ ಚಕ್ರ, ಇವನ್ನೆಲ್ಲ ಒಂದು ಸಲ ಜಗ್ಗಿ ನೋಡು. ಅವನು ಹೇಗೂ ಜಗ್ಗುತ್ತಾನೆ.

ದೊಡ್ಡ ದೊಡ್ಡ ಕಂಪನಿಗಳೂ ಇದನ್ನು ನಿಧಾನವಾಗಿಯೇ ಕಲಿತವು. ಅಮೆರಿಕದ ಫಿಶರ್-ಪ್ರೈಸ್ ಅವರ ಲಿಟಲ್ ಪೀಪಲ್ ಬೊಂಬೆಗಳು ಮೊದಲು ಬೆರಳಿನಷ್ಟು ಸಣ್ಣ ಗೂಟದ ಹಾಗಿದ್ದವು. ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ ಅಂತ ಗಲಾಟೆ ಎದ್ದಮೇಲೆ 1991ರ ಹೊತ್ತಿಗೆ ಅವನ್ನು ದಪ್ಪ ಮಾಡಿದರು. ಅದಕ್ಕೇ ಹೇಳುವುದು, ನಿನ್ನ ಓರಗಿತ್ತಿ ಅಮೆರಿಕದಿಂದ ಸೂಟ್‌ಕೇಸಿನಲ್ಲಿ ಹಳೇ ಆಟಿಕೆ ತುಂಬಿಕೊಂಡು ಬಂದರೆ ಖುಷಿಯಿಂದ ತೆಗೆದುಕೋ, ಆದರೆ ತೆಳ್ಳಗಿನ ಹಳೇ ಬೊಂಬೆಗಳಿದ್ದರೆ ಷೋಕೇಸಿಗೆ ಇಡು.

ಈಗ ಯಾವುದನ್ನು ತರುವುದು ಅನ್ನುವ ವಿಷಯ. ಅದಕ್ಕೆ ಮುಂಚೆ ಇಬ್ಬರೂ ಹೇಗೆ ಆಡುತ್ತಾರೆ ಅಂತ ಹತ್ತು ನಿಮಿಷ ಸುಮ್ಮನೆ ಕೂತು ನೋಡು. ಚಿಕ್ಕವನ ಕೈಗೆ ಬೊಂಬೆ ಬಂತೋ, ಮೊದಲು ತಲೆ ಬಾಯಿಗೆ. ಆಮೇಲೆ ನೆಲಕ್ಕೆ ಕುಟ್ಟುತ್ತಾನೆ. ಆಮೇಲೆ ಎರಡು ಕೈಯಲ್ಲೂ ಒಂದೊಂದು ಹಿಡಿದು ಅಡುಗೆಮನೆಗೆ ಬಂದು ನಿನ್ನ ಮಡಿಲಿಗೆ ಹಾಕಿ, ಮತ್ತೆರಡು ತರೋಕೆ ಹೋಗುತ್ತಾನೆ. ತುಂಬುವುದು, ಸುರಿಯುವುದು, ಸಾಗಿಸುವುದು, ಇಷ್ಟೇ ಅವನ ಆಟ. ಅವಳದು ಹಾಗಲ್ಲ. ಅವಳ ಬೊಂಬೆಗಳಲ್ಲಿ ಒಬ್ಬಳಿಗೆ ಜ್ವರ. ಇನ್ನೊಬ್ಬ ಆಟೋದವನು. ಆಸ್ಪತ್ರೆಗೆ ಬರ್ತೀಯಾ ಅಂದರೆ ಮೀಟರ್ ಮೇಲೆ ಇಪ್ಪತ್ತು ಕೊಡಿ ಅಂತಾನೆ! ಈ ಕಥೆ ನಡೆಯುವುದಕ್ಕೆ ಅವಳಿಗೆ ಜನ ಬೇಕು, ಕಟ್ಟಡ ಅಲ್ಲ. ಅವನಿಗೆ ಕೂರಿಸಿ ಇಳಿಸೋದಕ್ಕೆ ಒಂದು ಬಸ್ಸು ಬೇಕು. ಆದ್ದರಿಂದ ಜನ ಜಾಸ್ತಿ, ಪ್ರಾಣಿ ನಾಲ್ಕು, ದೊಡ್ಡ ಗಾಡಿ ಒಂದು, ಮುಂಭಾಗ ತೆರೆದಿರುವ ಮನೆ ಒಂದು. ಅಷ್ಟಿದ್ದರೆ ಇಬ್ಬರಿಗೂ ಆಯಿತು. ಹತ್ತಾರು ಕಿಟಕಿ, ಬಾವುಟ, ಸರಪಳಿ ಇರುವ ಕೋಟೆ ನೋಡುವುದಕ್ಕೆ ಚೆಂದ. ಸಂಜೆಯೊಳಗೆ ಅರ್ಧ ಸೋಫಾದ ಕೆಳಗೆ ಇರುತ್ತದೆ.

ನನ್ನನ್ನು ಕೇಳಿದರೆ ಲೆಗೋದವರ ಡುಪ್ಲೋ ತೆಗೆದುಕೋ. ಒಂದೂವರೆ ವರ್ಷದಿಂದಲೇ ಕೊಡಬಹುದಾದ ಸೆಟ್ಟುಗಳಿವೆ. 1969ರಲ್ಲಿ ಅದನ್ನು ಮಾಡುವಾಗ ಒಂದು ಜಾಣ ಕೆಲಸ ಮಾಡಿದ್ದಾರೆ: ಉದ್ದ, ಅಗಲ, ಎತ್ತರ ಮೂರೂ ಮಾಮೂಲಿ ಲೆಗೋ ಇಟ್ಟಿಗೆಯ ಎರಡರಷ್ಟು. ಹಾಗಾಗಿ ಸಣ್ಣ ಇಟ್ಟಿಗೆ ದೊಡ್ಡದರ ಮೇಲೆ ಸರಿಯಾಗಿ ಕೂರುತ್ತದೆ. ಈಗ ಕೊಂಡದ್ದನ್ನು ಅವನು ದೊಡ್ಡವನಾದಮೇಲೆ ಯಾರಿಗೋ ಕೊಟ್ಟುಬಿಡಬೇಕಾಗಿಲ್ಲ, ಅದರ ಮೇಲೇ ಮುಂದಿನದು ಕಟ್ಟಬಹುದು. ಜರ್ಮನಿಯ ಪ್ಲೇಮೊಬಿಲ್‌ನ ಏಳೂವರೆ ಸೆಂಟಿಮೀಟರಿನ ಬೊಂಬೆಗಳು ಅವಳಿಗೆ ಹೇಳಿ ಮಾಡಿಸಿದ ಹಾಗಿವೆ. ಆದರೆ ಅವುಗಳ ಕೂದಲು ಕಿತ್ತು ಬರುತ್ತದೆ, ಸಣ್ಣ ಸಾಮಾನು ರಾಶಿ. ಅವರೇ ಪುಟಾಣಿಗಳಿಗೆ ಅಂತ 1.2.3 ಅನ್ನುವ ಬೇರೆ ಸಾಲು ಮಾಡಿದ್ದಾರೆ, ಅವನಿಗೆ ಅದಾದರೆ ಆಗಬಹುದು.

ಬೆಲೆ ಜಾಸ್ತಿ ಅನ್ನಿಸಿದರೆ ಚನ್ನಪಟ್ಟಣಕ್ಕೆ ಒಂದು ಭಾನುವಾರ ಹೋಗಿ ಬನ್ನಿ. ಹಾಲೆ ಮರವನ್ನು ಕಡೆಯುವ ಯಂತ್ರಕ್ಕೆ ಕೂರಿಸಿ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಆ ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಗೂಟದಂಥ ಬೊಂಬೆ, ಅವು ಕೂರುವ ಗಾಡಿ, ಎರಡೂ ಅಲ್ಲಿ ಸಿಗುತ್ತವೆ. ಕೈಯಲ್ಲಿ ಹಿಡಿದು ದಪ್ಪ ನೋಡಿ ತಾ. ಮರದ್ದು ಅಂತ ಅಳತೆಯ ವಿನಾಯಿತಿ ಇಲ್ಲ.

ಇನ್ನು ಐಎಸ್ಐ ಗುರುತು. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಅದು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಸಾಮಾನಿಗೆ ಬಿಟ್ಟುಕೊಟ್ಟಿದ್ದಾರೆ, ಹಾಗಾಗಿ ಚನ್ನಪಟ್ಟಣದ ಬೊಂಬೆ ಮೇಲೆ ಅದಿಲ್ಲ ಅಂತ ಗಾಬರಿ ಬೇಡ. ಆದರೆ ಪ್ಲಾಸ್ಟಿಕ್ ಸೆಟ್ಟಿನ ಮೇಲೆ ಇಲ್ಲದಿದ್ದರೆ ಅಲ್ಲೇ ಇಟ್ಟು ಬಾ, ಅಂಗಡಿಯವನು ‘ಏನೂ ಆಗಲ್ಲ ಮೇಡಂ’ ಅಂತ ಎಷ್ಟೇ ಹೇಳಲಿ. ಜಾತ್ರೆಯಲ್ಲಿ ಕೊಳ್ಳುವ ಬಣ್ಣ ಉದುರುವ ಸೆಟ್ಟಂತೂ ಬೇಡವೇ ಬೇಡ.

ಹಾಡು ಹೇಳುವ, ದೀಪ ಹತ್ತುವ ಮನೆ ಬೇಕು ಅಂತ ಅವಳು ಹಟ ಮಾಡುತ್ತಾಳೆ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡು. ಬಟನ್ ಸೆಲ್ ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೇ ಸುಟ್ಟುಬಿಡಬಹುದು. ಬಾಳೆಹಣ್ಣು ತಿನ್ನಿಸಿ ಕಾಯುವ ವಿಷಯ ಅಲ್ಲ, ತಕ್ಷಣ ಆಸ್ಪತ್ರೆ. ಬಿಡಿ ಅಯಸ್ಕಾಂತ ಇರುವ ಸೆಟ್ಟೂ ಹಾಗೇ. ಎರಡು ನುಂಗಿದರೆ ಒಳಗೆ ಕರುಳನ್ನು ನಡುವೆ ಸಿಕ್ಕಿಸಿಕೊಂಡು ಒಂದನ್ನೊಂದು ಹಿಡಿಯುತ್ತವೆ.

ಕೊಂಡದ್ದಾಯಿತು ಅಂತಿಟ್ಟುಕೋ. ಆಮೇಲಿನದು ನಿನ್ನ ಬಾಯಿಗೆ ಸಂಬಂಧಪಟ್ಟದ್ದು. ‘ನೀನು ದೊಡ್ಡವಳು, ಬಿಟ್ಟುಕೊಡು’ ಅಂತ ದಿನಕ್ಕೆಷ್ಟು ಸಲ ಹೇಳುತ್ತೀಯ ಅಂತ ಗಮನಿಸಿದ್ದೀಯಾ? ಐದು ವರ್ಷ ಅಂದರೆ ಎಷ್ಟು ದೊಡ್ಡವಳು ಹೇಳು. ಅರ್ಧ ಗಂಟೆ ಕೂತು ಊರು ಕಟ್ಟಿರುತ್ತಾಳೆ, ಅವನು ಬಂದು ಒಂದೇ ಏಟಿಗೆ ಬೀಳಿಸುತ್ತಾನೆ, ಬೈಸಿಕೊಳ್ಳುವುದು ಅವಳು. ಇದು ಅನ್ಯಾಯ. ಅವಳಿಗೆ ಊಟದ ಮೇಜಿನ ಒಂದು ಮೂಲೆ ಬಿಟ್ಟುಕೊಡು. ಸಣ್ಣ ಸಾಮಾನೆಲ್ಲ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಅಟ್ಟದ ಹತ್ತಿರ ಇರಲಿ, ಅವನು ಮಧ್ಯಾಹ್ನ ಮಲಗಿದಾಗ ಇಳಿಸಿಕೊಡು. ಅವನು ಏಳುವ ಹೊತ್ತಿಗೆ ಬಾಚಿ ಡಬ್ಬಿಗೆ ಸುರಿಯಲು ಮೇಜಿನ ಮೇಲೆ ಹಳೇ ಬೆಡ್‌ಷೀಟ್ ಹಾಸಿಟ್ಟಿರು, ಒಂದೂ ತಪ್ಪಿಸಿಕೊಳ್ಳುವುದಿಲ್ಲ. ಕೆಳಗೆ ಜಮಖಾನದ ಮೇಲೆ ದಪ್ಪ ಬೊಂಬೆಗಳು ಇಬ್ಬರದೂ. ಅಲ್ಲಿ ಅವನನ್ನು ಓಡಿಸುವ ಬದಲು ರಾಕ್ಷಸನ ಪಾತ್ರ ಕೊಟ್ಟುಬಿಡು ಅಂತ ಅವಳಿಗೇ ಹೇಳಿಕೊಡು. ಊರು ಬೀಳಿಸುವುದು ಕಥೆಯೊಳಗೇ ಬಂದುಬಿಡುತ್ತದೆ.

ನಮ್ಮ ಮೈಸೂರು ಕಡೆ ದಸರಾಕ್ಕೆ ಗೊಂಬೆ ಕೂರಿಸುವಾಗ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಕೆಳಗೆ ನೆಲದ ಮೇಲೆ ಮಕ್ಕಳ ಪಾರ್ಕು ಇರುತ್ತದಲ್ಲ. ರಾಗಿ ಮೊಳಕೆಯ ಹುಲ್ಲು, ಕನ್ನಡಿಯ ಕೆರೆ, ಅದರ ದಡದಲ್ಲಿ ಆನೆ, ಹಸು, ಕಾರು. ಈ ವರ್ಷ ಆ ಪಾರ್ಕನ್ನು ಅವಳ ಸುಪರ್ದಿಗೆ ಬಿಡು. ಅದಕ್ಕೆ ಪ್ರತ್ಯೇಕ ಸೆಟ್ಟು ಬೇಕಿಲ್ಲ, ಮಕ್ಕಳ ಈ ಬೊಂಬೆಗಳೇ ನಡೆಯುತ್ತವೆ. ಕನ್ನಡಿ ಮಾತ್ರ ಚಿಕ್ಕವನ ಕೈಗೆ ಎಟುಕದ ಮೆಟ್ಟಿಲಲ್ಲಿರಲಿ.

ಇಬ್ಬರೂ ಮೈಮೇಲೆ ಬಿದ್ದು ಕಿತ್ತಾಡುವ ಬೊಂಬೆ ಪ್ರತಿ ಮನೆಯಲ್ಲೂ ಒಂದಿರುತ್ತದೆ. ಸಾಮಾನ್ಯವಾಗಿ ನಾಯಿಯೋ ಡ್ರೈವರೋ. ಯಾವುದು ಅಂತ ವಾರದೊಳಗೆ ಗೊತ್ತಾಗುತ್ತದೆ, ಅದರದ್ದೇ ಇನ್ನೊಂದು ತಂದುಬಿಡು. ಹುಟ್ಟುಹಬ್ಬಕ್ಕೆ ಏನು ತರಲಿ ಅಂತ ನಿನ್ನ ನಾದಿನಿ ಫೋನ್ ಮಾಡಿದರೆ ‘ಏನೂ ಬೇಡ ಅಕ್ಕ’ ಅಂತ ಮರ್ಯಾದೆಗೆ ಅನ್ನಬೇಡ, ಅವರು ಬಂದಾಗ ತರುವುದು ಆ ಸಾವಿರ ಚೂರಿನ ಕೋಟೆಯನ್ನೇ. ಸೆಟ್ಟಿನ ಹೆಸರು ಹೇಳಿ, ಪೆಟ್ಟಿಗೆಯ ಫೋಟೋ ಕಳಿಸಿ, ಇದೇ ಸಾಲಿನ ಒಂದು ಅಜ್ಜಿ, ಒಂದು ಹಸು ಇದ್ದರೆ ತನ್ನಿ ಅಂತ ಹೇಳಿಬಿಡು.