ಕಾಲಾಳನ್ನು ಸುಮ್ಮನೆ ನೂಕಬೇಡಿ

ಬಣಕಲ್‌ನಲ್ಲಿ ಮಳೆ ಹಿಡಿಯಿತೆಂದರೆ ಕರೆಂಟು ಹೋಗುತ್ತದೆ, ತೋಟದ ಕೆಲಸ ನಿಲ್ಲುತ್ತದೆ, ಜಗಲಿಯಲ್ಲಿ ಚದುರಂಗದ ಹಲಗೆ ಬಂದು ಕೂರುತ್ತದೆ. ಆಡುವ ಮಕ್ಕಳ ಕಣ್ಣೆಲ್ಲ ಮಂತ್ರಿಯ ಮೇಲೆ, ಕುದುರೆಯ ಮೇಲೆ. ಬೇರೇನೂ ತೋಚದಾಗ ಮಾತ್ರ ಕಾಲಾಳನ್ನು ಒಂದು ಮನೆ ಮುಂದೆ ನೂಕುತ್ತಾರೆ. ಎಡವುವುದು ಅಲ್ಲೇ. ಹಿಂದಕ್ಕೆ ಬರಲಾರದ ಕಾಯಿ ಅದೊಂದೇ. ಆನೆಯನ್ನಾದರೆ ವಾಪಸು ಕರೆಸಬಹುದು. ಕಾಲಾಳು ಬಿಟ್ಟ ಮನೆ ಬಿಟ್ಟಂತೆಯೇ.

ಕ್ಯಾಸ್ಲಿಂಗ್ ಮಾಡಿ ರಾಜನನ್ನು ಬದಿಗೆ ಸರಿಸಿದ ಮೇಲೆ ಅವನ ಮುಂದಿನ ಮೂರು ಕಾಲಾಳುಗಳನ್ನು ಕಾರಣವಿಲ್ಲದೆ ಮುಟ್ಟಬೇಡಿ. ತೋಟದ ಬೇಲಿಯಿದ್ದಂತೆ ಅವು. ಒಂದು ಗೂಟ ಕಿತ್ತರೆ ದನ ನುಗ್ಗುವುದು ಅಲ್ಲಿಂದಲೇ. ಆದರೆ ನಿಮ್ಮ ಆನೆಗಳು ದೂರ ಹೋಗಿದ್ದರೆ, ಕೊನೆಯ ಸಾಲಿಗೆ ಇಳಿದ ಎದುರಾಳಿಯ ಆನೆ ರಾಜನನ್ನು ಆ ಬೇಲಿಯೊಳಗೇ ಮುಗಿಸೀತು. ಆಗ ಅಂಚಿನ ಕಾಲಾಳನ್ನು ಒಂದು ಮನೆ ಸರಿಸಿ ಕಿಂಡಿ ಬಿಡಿ.

ದಾಳಿಯ ಮಾತು ಬೇರೆ. ಇಬ್ಬರ ರಾಜರೂ ಬೇರೆ ಬೇರೆ ಬದಿಯಲ್ಲಿದ್ದರೆ ಎದುರಾಳಿಯ ರಾಜನಿರುವ ಬದಿಯ ನಿಮ್ಮ ಕಾಲಾಳುಗಳನ್ನು ಧೈರ್ಯವಾಗಿ ಓಡಿಸಿ. ಒಂದೆರಡು ಸತ್ತರೂ ಆನೆಗೆ ದಾರಿ ತೆರೆಯುತ್ತದೆ. ಒಂದೇ ಬದಿಯಲ್ಲಿದ್ದಾಗ ಹಾಗೆ ಓಡಿಸಿದರೆ ನಿಮ್ಮ ರಾಜನೇ ಬಯಲಿಗೆ ಬೀಳುತ್ತಾನೆ. ಓರೆಯಾಗಿ ಒಂದಕ್ಕೊಂದು ಆತು ನಿಂತ ಕಾಲಾಳುಗಳ ಸರಪಳಿ ಒಡೆಯಬೇಕೆ? ತುದಿಗಲ್ಲ, ಬುಡಕ್ಕೆ ಹೊಡೆಯಿರಿ.

ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಕುದುರೆಯ ಮೋಹ. ಅದು 64 ಮನೆಗಳನ್ನೂ ಒಮ್ಮೊಮ್ಮೆ ಮುಟ್ಟಿ ಬರುವ ಬಂಧಗಳನ್ನೇ ರಚಿಸಿದರು. ಆದರೆ ಕಾಲಾಳಿಗೆ ಪಟ್ಟ ಕಟ್ಟಿದವನು ಫ್ರಾನ್ಸಿನ ಚದುರಂಗ ಆಟಗಾರ ಫಿಲಿಡೋರ್, 1749ರ ತನ್ನ ಪುಸ್ತಕದಲ್ಲಿ.

ಇವತ್ತು ಸಂಜೆ ಮಕ್ಕಳೊಂದಿಗೆ ರಾಜ ಮತ್ತು ಎಂಟೆಂಟು ಕಾಲಾಳುಗಳನ್ನಷ್ಟೇ ಇಟ್ಟು ಒಂದು ಆಟ ಆಡಿ ನೋಡಿ.