ಗೋಡೆಗಿಂತ ಮೊದಲು ನೆಲ ಗಟ್ಟಿಯಾಗಲಿ



ಸಂಘದ ಸಾಲ, ವಸತಿ ಯೋಜನೆಯ ಕಂತು, ಕೂಲಿಯ ಉಳಿತಾಯ ಎಲ್ಲಾ ಸೇರಿಸಿ ನಾವು ಮನೆ ಕಟ್ಟುತ್ತೇವೆ. ಎರಡು ಮಳೆಗಾಲ ಕಳೆಯೋದ್ರಲ್ಲಿ ಗೋಡೆ ಸೀಳಿದರೆ ಸಿಮೆಂಟನ್ನೋ ಮೇಸ್ತ್ರಿಯನ್ನೋ ಬೈಯುತ್ತೇವೆ. ಎಷ್ಟೋ ಸಲ ತೊಂದರೆ ಇರುವುದು ಪಾಯದ ಕೆಳಗಿನ ಮಣ್ಣಿನಲ್ಲಿ.

ನಮ್ಮ ಮಣ್ಣು ಎಂಥದ್ದು?

ಮಧುಗಿರಿ, ಕೊರಟಗೆರೆ ಕಡೆ ಕೆಂಪು ಮಣ್ಣು, ಬಂಡೆ ಹೆಚ್ಚು. ಶಿರಾ, ಪಾವಗಡದಲ್ಲಿ ಕೆಂಪು ಮಣ್ಣಿನ ನಡುವೆ ಅಲ್ಲಲ್ಲಿ ಎರೆ ಮಣ್ಣಿದೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅದರ ಜೊತೆ ಪಾಯವೂ ಏಳುತ್ತದೆ, ಇಳಿಯುತ್ತದೆ. ಮುಚ್ಚಿದ ಬಾವಿ, ತಿಪ್ಪೆಗುಂಡಿ, ಹೂಳು ತುಂಬಿದ ಜಾಗವನ್ನೂ ನಂಬಬಾರದು.

ಪಾಯದ ಆಳದಿಂದ ಒಂದು ಹಿಡಿ ಮಣ್ಣು ತಗೊಂಡು ನೀರಿನಲ್ಲಿ ಕಲಸಿ, ಬತ್ತಿಯಂತೆ ಹೊಸೆಯಿರಿ. ತುಂಡಾಗದೆ ತೆಳ್ಳಗೆ ಬಂದರೆ ಅದು ಜಿಗುಟು ಮಣ್ಣು. ಅಲ್ಲಿ ಜೋಪಾನ.

ಏನು ಮಾಡಬೇಕು?

1. ಎರೆ ಮಣ್ಣಿನ ಪದರ ತೆಳುವಾಗಿದ್ದರೆ ಗಟ್ಟಿ ನೆಲ ಸಿಗುವವರೆಗೂ ಅಗೆಸಿ.

2. ಪದರ ದಪ್ಪವಾಗಿದ್ದರೆ ಮೂರು ಅಡಿಯಷ್ಟು ತೆಗೆದು ಕೆಂಪು ಗರಸು ಮಣ್ಣು ತುಂಬಿ. ಬರೀ ಮರಳು ತುಂಬಬೇಡಿ, ಅದರಲ್ಲಿ ನೀರು ನಿಂತು ಕೆಳಗಿನ ಎರೆ ಮಣ್ಣು ಇನ್ನೂ ಉಬ್ಬುತ್ತದೆ.

3. ಒಂದೇ ಸಲ ಸುರಿಯಬೇಡಿ. ಆರು ಅಂಗುಲ ಹಾಕಿ, ನೀರು ಚಿಮುಕಿಸಿ, ಚೆನ್ನಾಗಿ ದಮ್ಮಸ್ಸು ಮಾಡಿ, ಆಮೇಲೆ ಮುಂದಿನ ಪದರ. ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿದರೆ ಉಂಡೆಯಾಗಬೇಕು, ನೀರು ಮಾತ್ರ ಇಳಿಯಬಾರದು. ಅಷ್ಟೇ ಹದ.

4. ಅರಳಿದ ಸುಣ್ಣದ ಪುಡಿ ಬೆರೆಸಿದರೆ ಎರೆ ಮಣ್ಣಿನ ಉಬ್ಬು ಕಡಿಮೆಯಾಗುತ್ತದೆ. ಸಾಮಾನ್ಯವಾಗಿ 100 ಕಿಲೋ ಮಣ್ಣಿಗೆ 4ರಿಂದ 6 ಕಿಲೋ ಬೇಕು. ಇಂಜಿನಿಯರನ್ನು ಕೇಳಿಯೇ ಹಾಕಿ. ಕಣ್ಣಿಗೆ, ಕೈಗೆ ಸುಣ್ಣ ತಾಗದಂತೆ ನೋಡಿಕೊಳ್ಳಿ.

5. ಎರೆ ಮಣ್ಣು ಬಹಳ ಆಳವಿದ್ದರೆ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ವಿಧಾನವಿದೆ. ತಳದಲ್ಲಿ ಗಡಿಗೆಯಂತೆ ಅಗಲವಾದ ಕಾಂಕ್ರೀಟ್ ಕಂಬಗಳನ್ನು ನೆಲದೊಳಗೆ ಇಳಿಸುತ್ತಾರೆ. ಇದು ಇಂಜಿನಿಯರ್ ಕೆಲಸ.

6. ಪಾಯದ ಮೇಲೆ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟ್ ಬೆಲ್ಟು ಇರಲಿ.

ಮನೆಯಾದ ಮೇಲೆ

ಗೋಡೆಯ ಸುತ್ತ ಮೂರು ಅಡಿ ಹೊರಗೆ ಇಳಿಜಾರಾಗಿ ಕಾಂಕ್ರೀಟ್ ಹಾಕಿಸಿ. ಬಚ್ಚಲ ನೀರನ್ನು ದೂರ ಸಾಗಿಸಿ. ಗೋಡೆ ಪಕ್ಕ ದೊಡ್ಡ ಮರ ಬೇಡ, ಅದು ಬೇಸಿಗೆಯಲ್ಲಿ ಮಣ್ಣಿನ ನೀರೆಳೆದು ನೆಲ ಕುಗ್ಗಿಸುತ್ತದೆ.

ಪಾಯ ಮುಗಿದರೆ ಕಂತು ಬರುತ್ತದೆಂದು ಅವಸರ ಮಾಡಬೇಡಿ. ಪಾಯ ಮುಚ್ಚಿದ ಮೇಲೆ ಮಣ್ಣನ್ನು ಸರಿಮಾಡೋದು ಬಹಳ ಕಷ್ಟ, ಖರ್ಚೂ ಹೆಚ್ಚು.

ಸಭೆಯಲ್ಲಿ ಚರ್ಚಿಸಿ: ನಮ್ಮೂರಲ್ಲಿ ಸೀಳು ಬಿಟ್ಟ ಮನೆಗಳು ಯಾವ ಮಣ್ಣಿನ ಮೇಲಿವೆ? ಈ ವರ್ಷ ಮನೆ ಕಟ್ಟುವ ಸದಸ್ಯೆಯ ನಿವೇಶನದ ಮಣ್ಣನ್ನು ಎಲ್ಲರೂ ಹೋಗಿ ನೋಡೋಣವೇ?