ನಂಬರ್ ನೋಡಿ ಬಾಗಿಲು ತೆರೆಯಬೇಡಿ

ಕ್ಲಸ್ಟರ್‌ಗಳ ಉಸ್ತುವಾರಿಗೆ ಹೊಸದಾಗಿ ಸೇರಿರುವ ಮಕ್ಕಳೇ, ಇಂದಲ್ಲ ನಾಳೆ ನಿಮ್ಮ ಬಳಿ ಒಂದು ಕೋರಿಕೆ ಬಂದೇ ಬರುತ್ತದೆ: ‘ನಮ್ಮ ಸ್ಟೋರೇಜನ್ನು ಪಕ್ಕದ ವಿಭಾಗದ ಕ್ಲಸ್ಟರಿಗೂ ಮೌಂಟ್ ಮಾಡಿಕೊಡಿ, ಡೇಟಾ ಅತ್ತಿಂದಿತ್ತ ಕಾಪಿ ಮಾಡಿ ಸಾಕಾಗಿದೆ.’ ಕೋರಿಕೆ ನ್ಯಾಯವಾದದ್ದೇ. ಟೆರಾಬೈಟುಗಟ್ಟಲೆ ಡೇಟಾವನ್ನು ಎರಡೆರಡು ಕಡೆ ಇಡುವುದರಲ್ಲಿ ಅರ್ಥವಿಲ್ಲ. ಮೌಂಟ್ ಮಾಡುವುದೂ ದೊಡ್ಡ ಕೆಲಸವೇನಲ್ಲ. ಆದರೆ ಅದಕ್ಕೆ ಮುಂಚೆ ಮಾಡಿ ಮುಗಿಸಬೇಕಾದ ಕೆಲಸವೊಂದಿದೆ. ಅದನ್ನು ಬಿಟ್ಟರೆ ಒಬ್ಬರ ದುಡಿಮೆ ಇನ್ನೊಬ್ಬರ ಪಾಲಾಗುತ್ತದೆ.

ಡಿಸ್ಕಿನಲ್ಲಿ ಫೈಲಿನ ಜೊತೆ ಅದರ ಒಡೆಯರ ಹೆಸರು ಇರುವುದಿಲ್ಲ. ಇರುವುದು ಒಂದು ಸಂಖ್ಯೆ, ಅದೇ ಯುಐಡಿ. ‘ಎಲ್‌ಎಸ್ -ಎಲ್’ ಕೊಟ್ಟಾಗ ಕಾಣುವ ಹೆಸರನ್ನು ಆ ಯಂತ್ರ ತನ್ನ ಬಳಿಯಿರುವ ಬಳಕೆದಾರರ ಪಟ್ಟಿ ನೋಡಿ ಹೇಳುತ್ತದೆ. ಪಟ್ಟಿ ಬದಲಾದರೆ ಅದೇ ಫೈಲಿಗೆ ಬೇರೆ ಹೆಸರು. ಈಗಿನ ಹೆಚ್ಚಿನ ಲಿನಕ್ಸ್‌ಗಳು ಸಾಮಾನ್ಯ ಬಳಕೆದಾರರಿಗೆ 1000ದಿಂದ ಸಂಖ್ಯೆ ಹಂಚುತ್ತಾ ಹೋಗುತ್ತವೆ. ಹೀಗಾಗಿ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರು ಕಟ್ಟಿದ ಎರಡು ಕ್ಲಸ್ಟರ್‌ಗಳಲ್ಲಿ 1001 ಇಬ್ಬರು ಬೇರೆಯವರಿಗೆ ಸಿಕ್ಕಿರುವುದು ಸಹಜ. ಎರಡು ಊರಿನಲ್ಲೂ 12ನೇ ನಂಬರಿನ ಮನೆ ಇದ್ದೇ ಇರುತ್ತದೆ. ಊರಿನ ಹೆಸರಿಲ್ಲದೆ ಮನೆ ನಂಬರ್ ಮಾತ್ರ ಬರೆದ ಕಾಗದ ಯಾರ ಮನೆ ಸೇರೀತು?

ಈಗ ಹಾಗೇ ಮೌಂಟ್ ಮಾಡಿದಿರಿ ಎನ್ನಿ. ನಿಮ್ಮ ಕಡೆ 1001 ಎಂದರೆ ಪ್ರೋಟೀನುಗಳ ಸಿಮ್ಯುಲೇಷನ್ ನಡೆಸುತ್ತಿರುವ ಪಿಎಚ್‌ಡಿ ವಿದ್ಯಾರ್ಥಿನಿ. ಅವರ ಕಡೆ 1001 ಎಂದರೆ ಹವಾಮಾನದ ಮಾದರಿ ಓಡಿಸುವ ಹುಡುಗ. ಅವನು ಆ ಡೈರೆಕ್ಟರಿಗೆ ಹೋದರೆ ಅವಳ ಫೈಲುಗಳೆಲ್ಲ ಅವನ ಹೆಸರಿನಲ್ಲೇ ಕಾಣುತ್ತವೆ. ಓದಬಹುದು, ತಿದ್ದಬಹುದು, ಜಾಗ ಸಾಲದೆಂದು ಅಳಿಸಲೂಬಹುದು. ಎಲ್ಲೂ ‘ಪರ್ಮಿಷನ್ ಡಿನೈಡ್’ ಬರುವುದಿಲ್ಲ, ಯಾವ ಅಲಾರಂ ಹೊಡೆಯುವುದಿಲ್ಲ. ಯಂತ್ರದ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇದೆ. ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕೇ. ಕೆಟ್ಟು ನಿಂತ ಯಂತ್ರ ತಾನಾಗಿ ನಿಮ್ಮನ್ನು ಕರೆಯುತ್ತದೆ. ಈ ತಪ್ಪು ಯಾರನ್ನೂ ಕರೆಯುವುದಿಲ್ಲ.

ಎರಡೂ ಕ್ಲಸ್ಟರ್‌ಗಳು ಒಂದೇ ಸಂಸ್ಥೆಯವಾದರೆ ದಾರಿ ಸುಲಭ. ಎಲ್‌ಡಿಎಪಿಯನ್ನೋ ಫ್ರೀಐಪಿಎಯನ್ನೋ ಹಾಕಿ, ಇಬ್ಬರಿಗೂ ಒಂದೇ ಪಟ್ಟಿ ಮಾಡಿ. ಒಬ್ಬರಿಗೆ ಎಲ್ಲೆಡೆಯೂ ಒಂದೇ ಸಂಖ್ಯೆ ಇರಲಿ.

ಸಂಸ್ಥೆಗಳೇ ಬೇರೆಯಾದರೆ ಒಂದೇ ಪಟ್ಟಿಗೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅಮೆರಿಕದಲ್ಲಿ 2001ರಲ್ಲಿ ಶುರುವಾದ ಟೆರಾಗ್ರಿಡ್ ಯೋಜನೆಯವರು ಎದುರಿಸಿದ್ದು ಇದನ್ನೇ. ಸ್ಯಾನ್ ಡಿಯಾಗೊ, ಇಲಿನಾಯ್, ಇಂಡಿಯಾನಾ, ಹೀಗೆ ದೂರದೂರದ ಕೇಂದ್ರಗಳು. ಒಂದೊಂದಕ್ಕೂ ತನ್ನದೇ ಬಳಕೆದಾರರ ಪಟ್ಟಿ. ನಡುವೆ ಹಂಚಿಕೊಂಡ ಫೈಲ್ ಸಿಸ್ಟಂ. ಐಬಿಎಂನ ಜಿಪಿಎಫ್‌ಎಸ್‌ನಲ್ಲಿ ಇದಕ್ಕೆ ಮಾಡಿದ ಏರ್ಪಾಡು ನೋಡಿ. ಪ್ರತಿ ಕ್ಲಸ್ಟರಿನಲ್ಲೂ ಎರಡು ಪುಟ್ಟ ಪ್ರೋಗ್ರಾಂಗಳನ್ನು ಆಯಾ ಅಡ್ಮಿನ್‌ಗಳೇ ಬರೆದಿಡಬೇಕು. ಒಂದು ಸಂಖ್ಯೆಯಿಂದ ಹೆಸರು ಹೇಳುತ್ತದೆ, ಇನ್ನೊಂದು ಹೆಸರಿನಿಂದ ಸಂಖ್ಯೆ ಹೇಳುತ್ತದೆ. ಹೊರಗಿನ ಕ್ಲಸ್ಟರಿನ ಬಳಕೆದಾರ ಫೈಲ್ ಕೇಳಿದಾಗ, ಅವನ ಸಂಖ್ಯೆ ಅವನ ಊರಿನಲ್ಲೇ ಜಗತ್ತಿಗೆಲ್ಲ ಒಂದೇ ಆದ ಹೆಸರಾಗಿ ಬದಲಾಗುತ್ತದೆ. ಆ ಹೆಸರು ಗಡಿ ದಾಟಿ, ಫೈಲ್ ಸಿಸ್ಟಂ ಇರುವ ಕಡೆಯ ಸಂಖ್ಯೆಯಾಗುತ್ತದೆ. ಲಸ್ಟರ್ ಫೈಲ್ ಸಿಸ್ಟಂನಲ್ಲಿ ಇದೇ ಬಗೆಯ ಕೆಲಸವನ್ನು ಇಂಡಿಯಾನಾ ವಿಶ್ವವಿದ್ಯಾಲಯದವರು ಮಾಡಿದರು. ಈಗ ಅದು ‘ನೋಡ್‌ಮ್ಯಾಪ್’ ಆಗಿ ಲಸ್ಟರ್‌ನೊಳಗೇ ಸೇರಿದೆ. ಅಲ್ಲಿ ಯಾವ ವಿಳಾಸಗಳಿಂದ ಬಂದವರಿಗೆ ಯಾವ ಸಂಖ್ಯೆ ಯಾವುದಾಗಬೇಕೆಂದು ಬರೆದಿಡುತ್ತೀರಿ.

ಸಾಧನ ಯಾವುದೇ ಇರಲಿ, ಯಾವ ಸಂಖ್ಯೆ ಯಾವುದಾಗಬೇಕೆಂಬ ನಕ್ಷೆ ಬರೆಯುವವರು ನೀವು. ಆದ್ದರಿಂದ ಈ ಮಾತುಗಳನ್ನು ಮನಸ್ಸಿನಲ್ಲಿಡಿ.

ಪಟ್ಟಿಯಲ್ಲಿ ಇಲ್ಲದವರನ್ನು ‘ನೋಬಡಿ’ ಮಾಡಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಅದು 65534. ‘ಸದ್ಯಕ್ಕೆ ಸಂಖ್ಯೆ ಹಾಗೇ ಹೋಗಲಿ, ಆಮೇಲೆ ನೋಡೋಣ’ ಎಂದು ಯಾರು ಅವಸರಪಡಿಸಿದರೂ ಒಪ್ಪಬೇಡಿ. ಫೈಲ್ ತೆರೆಯಲಾಗದವನು ಫೋನ್ ಮಾಡಿ ಬೈಯುತ್ತಾನೆ, ಸಂಜೆಯೊಳಗೆ ಸರಿಪಡಿಸಬಹುದು. ತೆರೆಯಬಾರದ ಫೈಲ್ ತೆರೆದುಕೊಂಡವನು ಫೋನ್ ಮಾಡುವುದಿಲ್ಲ.

ಹೊರಗಿನ ರೂಟ್ ನಿಮ್ಮಲ್ಲಿ ರೂಟ್ ಆಗಕೂಡದು. ಎನ್‌ಎಫ್‌ಎಸ್‌ನ ‘ರೂಟ್ ಸ್ಕ್ವಾಶ್’ ಇರುವುದು ಇದಕ್ಕೇ. ಆದರೆ ಅದೊಂದಿದ್ದರೆ ಸಾಕೆಂದು ನೆಮ್ಮದಿಯಿಂದ ಕೂರಬೇಡಿ. ಹಳೆಯ ಆತ್-ಸಿಸ್ ಪದ್ಧತಿಯಲ್ಲಿ ಕ್ಲೈಂಟ್ ಯಂತ್ರ ‘ಇವನು 1001’ ಎಂದರೆ ಸರ್ವರ್ ನಂಬುತ್ತದೆ, ಗುರುತಿನ ಪುರಾವೆ ಕೇಳುವುದಿಲ್ಲ. ಅಲ್ಲಿನ ರೂಟ್ ಒಂದು ‘ಎಸ್‌ಯು’ ಹೊಡೆದು ಯಾರು ಬೇಕಾದರೂ ಆಗಬಹುದು. ನಕ್ಷೆ ಹೇಳುವುದು ಯಾರು ಯಾರಾಗಬೇಕು ಎಂದಷ್ಟೇ. ಬಂದವನು ನಿಜಕ್ಕೂ ಅವನೇ ಎಂದು ಅದು ಸಾಬೀತು ಮಾಡುವುದಿಲ್ಲ. ಪೂರ್ತಿ ನಂಬಿಕೆಯಿಲ್ಲದ ಕಡೆಗೆ ಕೊಡುವಾಗ ಕೆರ್ಬೆರೋಸ್ ಹಾಕಿಸಿ. ಅದಾಗದಿದ್ದರೆ ಹಂಚಿಕೊಳ್ಳಬೇಕಾದ ಡೈರೆಕ್ಟರಿಯನ್ನಷ್ಟೇ ಕೊಡಿ, ಓದಲು ಮಾತ್ರ ಕೊಡಿ.

ಗುಂಪುಗಳನ್ನು ಮರೆಯಬೇಡಿ. ಜಿಐಡಿಗಳಿಗೂ ಇದೇ ಗೋಳು. ಪ್ರಾಜೆಕ್ಟ್ ಡೇಟಾ ಇರುವುದೇ ಗುಂಪಿನ ಹೆಸರಿನಲ್ಲಿ. ಆತ್-ಸಿಸ್‌ನಲ್ಲಿ ಹೆಚ್ಚುವರಿ ಗುಂಪುಗಳು 16 ಮಾತ್ರ ಹಿಡಿಸುತ್ತವೆ. ಹಲವು ಪ್ರಾಜೆಕ್ಟುಗಳಲ್ಲಿರುವ ಪ್ರೊಫೆಸರಿಗೆ ಒಂದು ಡೈರೆಕ್ಟರಿ ಮಾತ್ರ ತೆರೆಯದೆ ಸತಾಯಿಸಿದರೆ ಮೊದಲು ಅವರ ಗುಂಪುಗಳನ್ನು ಎಣಿಸಿ.

ಸಂಖ್ಯೆಗಳನ್ನೇ ಬದಲಿಸಬೇಕಾಗಿ ಬಂದರೆ ಅವಸರ ಬೇಡ. ಓಡುತ್ತಿರುವ ಜಾಬ್‌ಗಳೆಲ್ಲ ಮುಗಿಯಲಿ. ಎರಡೂ ಕಡೆ ಯಾರೂ ಬಳಸದ ಹೊಸ ಶ್ರೇಣಿ ಆರಿಸಿಕೊಳ್ಳಿ. 1001 ಅನ್ನು ಆಗಲೇ ಬಳಕೆಯಲ್ಲಿರುವ ಸಂಖ್ಯೆಗೆ ಬದಲಿಸಿದರೆ ಇಬ್ಬರ ಫೈಲುಗಳು ಕಲೆತುಹೋಗುತ್ತವೆ, ಆಮೇಲೆ ಬೇರ್ಪಡಿಸಲು ಸುಳಿವೇ ಉಳಿಯುವುದಿಲ್ಲ. ‘ಚೌನ್’ ಮುಗಿಯಿತೆಂದು ಕೈ ತೊಳೆದುಕೊಳ್ಳಬೇಡಿ. ಎಸಿಎಲ್‌ಗಳಲ್ಲೂ ಹಳೆಯ ಸಂಖ್ಯೆಗಳು ಕೂತಿರುತ್ತವೆ, ಬ್ಯಾಕಪ್‌ಗಳಲ್ಲೂ ಇರುತ್ತವೆ. ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಹೆಸರು, ತಾರೀಖು, ಇಷ್ಟನ್ನೂ ಬರೆದ ಪಟ್ಟಿಯನ್ನು ಬ್ಯಾಕಪ್ ಜೊತೆಯಲ್ಲೇ ಇಡಿ. ವರ್ಷಗಳ ಮೇಲೆ ರಿಸ್ಟೋರ್ ಮಾಡುವವರು ನಿಮಗೆ ಋಣಿಯಾಗಿರುತ್ತಾರೆ.

ಬಿಟ್ಟು ಹೋದವರ ಸಂಖ್ಯೆಯನ್ನು ಹೊಸಬರಿಗೆ ಎಂದೂ ಕೊಡಬೇಡಿ. ಈಗಿನ ಲಿನಕ್ಸ್‌ನಲ್ಲಿ ಯುಐಡಿ 32 ಬಿಟ್‌ಗಳದ್ದು, ನಾನೂರು ಕೋಟಿಗೂ ಮೀರಿ ಸಂಖ್ಯೆಗಳಿವೆ. ಇಷ್ಟಿರುವಾಗ ಜಿಪುಣತನ ಯಾಕೆ? ಖಾತೆ ಮುಚ್ಚಿ, ಸಂಖ್ಯೆಯನ್ನು ಅವರ ಹೆಸರಿನಲ್ಲೇ ಉಳಿಸಿ.

ಹೋಮ್ ಡೈರೆಕ್ಟರಿಯಲ್ಲಿ ಇರುವುದು ಒಬ್ಬರ ನಾಲ್ಕೈದು ವರ್ಷದ ನಿದ್ದೆಗೆಟ್ಟ ದುಡಿಮೆ, ಇನ್ನೂ ಪ್ರಕಟವಾಗದ ಪ್ರಬಂಧ, ಒಮ್ಮೊಮ್ಮೆ ರೋಗಿಗಳ ಗುಟ್ಟಿನ ವಿವರ. ಅವರು ನಿಮ್ಮನ್ನು ನೋಡಿಯೇ ಇರುವುದಿಲ್ಲ, ಆದರೂ ನಿಮ್ಮನ್ನು ನಂಬಿದ್ದಾರೆ. ಆದ್ದರಿಂದ ಮುಂದಿನ ಸಲ ಮೌಂಟ್ ಮಾಡುವ ಮುಂಚೆ ಇಷ್ಟು ಮಾಡಿ: ಎರಡೂ ಕಡೆಯ ಬಳಕೆದಾರರ ಪಟ್ಟಿ ತೆಗೆದು ಪಕ್ಕಪಕ್ಕದಲ್ಲಿಟ್ಟು ಒಂದೊಂದೇ ಸಂಖ್ಯೆ ತಾಳೆ ನೋಡಿ. ಮೌಂಟ್ ಆದ ಮೇಲೆ ರೂಟ್ ಆಗಿ ಅಲ್ಲ, ಸಾಮಾನ್ಯ ಬಳಕೆದಾರರಾಗಿ ಲಾಗಿನ್ ಆಗಿ ಒಂದು ಫೈಲ್ ಬರೆಯಿರಿ, ಅದು ಇನ್ನೊಂದು ಕಡೆ ಯಾರದೆಂದು ‘ಎಲ್‌ಎಸ್ -ಎಲ್‌ಎನ್’ ಕೊಟ್ಟು ಸಂಖ್ಯೆಯಲ್ಲೇ ನೋಡಿ. ಬೇರೆಯವರ ಫೈಲನ್ನು ತೆರೆಯಲು ಪ್ರಯತ್ನಿಸಿ. ‘ಪರ್ಮಿಷನ್ ಡಿನೈಡ್’ ಬಂದರೆ ಮಾತ್ರ ಎಲ್ಲರಿಗೂ ಮೇಲ್ ಕಳಿಸಿ, ಸ್ಟೋರೇಜ್ ಸಿದ್ಧವಾಗಿದೆ ಎಂದು.